ದೇವರು ಬಾರದ ಚಿತ್ರ

ನಮ್ಮ ಅಪ್ಪಯ್ಯನ ಪ್ರಕಾರ ಲೋಕದಲ್ಲಿ ಮೂರೇ ಬಗೆಯ ಸಿನಿಮಾಗಳಿದ್ದವು: ದೇವರ ಚಿತ್ರ, ಕತ್ತಿ ಚಿತ್ರ, ಸಾಮಾಜಿಕ ಚಿತ್ರ. ದೇವರ ಚಿತ್ರವನ್ನು ಮನೆಯ ಹೆಂಗಸರು ನೋಡಬಹುದು. ಕತ್ತಿ ಚಿತ್ರ ಗಾಡಿ ಹೊಡೆಯುವವರಿಗೆ, ಮೂಟೆ ಹೊರುವವರಿಗೆ. ಸಾಮಾಜಿಕವನ್ನು ಮರ್ಯಾದಸ್ಥರು ಯಾರೂ ನೋಡಬಾರದು, ಹೆಂಗಸರಂತೂ ಅದರ ಸುದ್ದಿಯನ್ನೇ ಎತ್ತಬಾರದು. ಇಷ್ಟು ಖಂಡಿತವಾಗಿ ವಿಂಗಡಿಸಿದ ಅಪ್ಪಯ್ಯ ಒಂದೇ ಒಂದು ಸಿನಿಮಾವನ್ನೂ ನೋಡಿದವರಲ್ಲ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿದ್ದ ನಮ್ಮ ಜವಳಿ ಅಂಗಡಿಯಲ್ಲಿ ಕೂತು, ಟೆಂಟಿನವರು ಹಂಚಿಹೋದ ಬಣ್ಣದ ಹ್ಯಾಂಡ್‌ಬಿಲ್ಲನ್ನು ಕಣ್ಣಿಂದ ದೂರ ಹಿಡಿದು, ಅದರಲ್ಲಿ ಅಚ್ಚಾದ ಚಿತ್ರ ನೋಡಿಯೇ ತೀರ್ಪು ಕೊಡುತ್ತಿದ್ದರು. ಕಿರೀಟ ಕಂಡರೆ ದೇವರದು. ಕುದುರೆ, ಕತ್ತಿ ಕಂಡರೆ ಕೂಲಿಯವರದು. ಕೋಟು, ಕನ್ನಡಕ, ಮೇಜು, ಕುರ್ಚಿ ಕಂಡರೆ ಸಾಮಾಜಿಕ. ಎಷ್ಟೋ ವರ್ಷಗಳ ಮೇಲೆ ನಾನು ಕಾಲೇಜಿನ ಹುಡುಗ ಹುಡುಗಿಯರಿಗೆ ಸಿನಿಮಾದ ಪ್ರಕಾರಗಳ ಬಗ್ಗೆ ಪಾಠ ಹೇಳುವಾಗ ಇದನ್ನು ಹೇಳಿದರೆ ಅವರು ನಗುತ್ತಿದ್ದರು. ನಗಬೇಡಿ ಎನ್ನುತ್ತಿದ್ದೆ. ದೊಡ್ಡ ದೊಡ್ಡ ಪಂಡಿತರೂ ವೇಷ ನೋಡಿ, ಸಾಮಾನು ನೋಡಿ, ಜಾಗ ನೋಡಿಯೇ ಹೆಸರಿಡುತ್ತಾರೆ. ಅಪ್ಪಯ್ಯನ ಗುರುತುಗಳು ತಪ್ಪಿರಲಿಲ್ಲ. ಆ ಹೆಸರುಗಳನ್ನು ತಂದು ಮನೆಯ ಬಾಗಿಲಿಗೆ ಅಗುಳಿ ಮಾಡಿದ್ದು ತಪ್ಪು.

ಅಗುಳಿಗಳು ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು. ಬೀದಿಗೆ ಜಗಲಿ, ಅದನ್ನು ದಾಟಿದರೆ ಪಡಸಾಲೆ, ಆಮೇಲೆ ನಡುಮನೆ, ಅದರ ಪಕ್ಕಕ್ಕೆ ದೇವರ ಕೋಣೆ, ಒಳಗಡೆ ಅಡುಗೆಮನೆ, ಹಿತ್ತಲಲ್ಲಿ ಬಾವಿ. ಪಡಸಾಲೆಯವರೆಗೆ ಗಂಡಸರ ರಾಜ್ಯ. ನಡುಮನೆಯಿಂದ ಹಿಂದಕ್ಕೆ ಅಜ್ಜಿ, ಅವ್ವ, ನಾನು ಮತ್ತು ಅಪ್ಪಯ್ಯನ ತಂಗಿ ಗಿರಿಜತ್ತೆ. ಗಿರಿಜತ್ತೆಯನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿತ್ತು. ಆರು ವರ್ಷವಾದರೂ ಮಕ್ಕಳಾಗಲಿಲ್ಲವೆಂದು ಅವಳ ಗಂಡ ಅರಕಲಗೂಡಿನ ಕಡೆಯ ಹುಡುಗಿಯೊಬ್ಬಳನ್ನು ಮದುವೆಯಾಗಿ ಕರೆತಂದ. ಅತ್ತೆಯ ಕೋಣೆಯನ್ನು ಹೊಸಬಳಿಗೆ ಬಿಡಿಸಿಕೊಟ್ಟ. ಅತ್ತೆ ಒಂದು ತಗಡಿನ ಟ್ರಂಕು ಹೊತ್ತುಕೊಂಡು ತವರಿಗೆ ಬಂದಳು. ಅಪ್ಪಯ್ಯ ಬೈಯಲಿಲ್ಲ, ಬಾ ಎಂದೂ ಹೇಳಲಿಲ್ಲ. ಟ್ರಂಕನ್ನು ದವಸದ ಕೋಣೆಯಲ್ಲಿ ಇಡಿಸಿದರು. ರಾಗಿ ತುಂಬಿದ ಮಣ್ಣಿನ ವಾಡೆಗಳ ನಡುವೆ ಚಾಪೆ ಹಾಸಿಕೊಂಡು ಅತ್ತೆ ಅಲ್ಲೇ ಮಲಗುತ್ತಿದ್ದಳು. ಬೀದಿ ಬಾಗಿಲಿಂದ ಅವಳು ಹೊರಗೆ ಹೋದದ್ದನ್ನು ನಾನು ಮೊದಲ ಎರಡು ವರ್ಷದಲ್ಲಿ ಕಂಡವಳಲ್ಲ. ಗುಡಿಗೆ ಹೋಗಬೇಕಾದರೂ ಹಿತ್ತಲ ಬಾಗಿಲು, ಸಂದಿ ದಾರಿ. ನೆಂಟರು ಬಂದರೆ ಅಪ್ಪಯ್ಯ, "ತಂಗಿ ನಾಕು ದಿನ ಇದ್ದೋಗಕೆ ಬಂದವ್ಳೆ" ಎನ್ನುತ್ತಿದ್ದರು. ಅತ್ತೆ ಅಡುಗೆಮನೆಯಲ್ಲಿ ಒರಳಿನ ಮುಂದೆ ಕೂತು ಅದನ್ನು ಕೇಳಿಸಿಕೊಳ್ಳುತ್ತಿದ್ದಳು. ಒರಳಿನ ಗುಂಡು ಒಂದು ಸುತ್ತು ಜೋರಾಗಿ ತಿರುಗುತ್ತಿತ್ತು, ಅಷ್ಟೆ.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಅಕ್ಕಿ ರೇಷನ್ನಿನ ಅಳತೆಗೆ ಬಂದಿತ್ತು, ಬಸ್ಸುಗಳು ಬೆನ್ನಿಗೆ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಆದರೆ ಹೊಳೆಯ ದಂಡೆಯ ಬಯಲಿಗೆ ಟೆಂಟಿನವರು ಬರುವುದು ತಪ್ಪಲಿಲ್ಲ. ಎರಡು ಮೂರು ತಿಂಗಳು ನಿಂತು, ಆಮೇಲೆ ಬೇರೆ ಊರಿಗೆ ಕಿತ್ತುಕೊಂಡು ಹೋಗುತ್ತಿದ್ದರು. ದೇವರ ಚಿತ್ರ ಬಂದಾಗಲೆಲ್ಲ ನಾವು ಮೊದಲನೇ ಆಟಕ್ಕೆ ಹೋಗುತ್ತಿದ್ದೆವು. ಬಿದಿರ ತಡಿಕೆಯ ಆಚೆ ಗಂಡಸರು, ಈಚೆ ನಾವು. ಕೆಳಗೆ ಹೊಳೆಯ ಮರಳು. ಅಜ್ಜಿ ಮೆಟ್ಟನ್ನು ಹೊರಗೇ ಬಿಟ್ಟು, ಹಣೆಗೆ ವಿಭೂತಿ ತಿದ್ದಿಕೊಂಡು ಒಳಗೆ ಬರುತ್ತಿದ್ದಳು. ಪರದೆಯ ಮೇಲೆ ದೇವರು ಕಾಣಿಸಿಕೊಂಡರೆ ಕೈಯೆತ್ತಿ ಮುಗಿಯುತ್ತಿದ್ದಳು. ಚಿತ್ರಗಳು ಬಹುಪಾಲು ತಮಿಳು. ಪರದೆಯ ಪಕ್ಕದಲ್ಲಿ ಒಬ್ಬಾತ ಕೋಲು ಹಿಡಿದು ನಿಂತು ಕನ್ನಡದಲ್ಲಿ ಕಥೆ ಬಿಡಿಸಿ ಹೇಳುತ್ತಿದ್ದ. ಮೆಷಿನ್ನು ಒಂದೇ ಆದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಿದ್ದರು. ಆ ಬಿಡುವಿನಲ್ಲಿ ಹೆಂಗಸರ ಕಡೆ ಮಾತಿನ ಸಂತೆ. ಮುಂದೇನಾಗುತ್ತದೆಂದು ಎಲ್ಲರೂ ಪಂದ್ಯ ಕಟ್ಟಿದಂತೆ ಹೇಳುವವರೇ. ಅಜ್ಜಿಯದು ಮಾತ್ರ ಒಂದೇ ಮಾತು.

"ಎಷ್ಟಾರ ಕಷ್ಟ ಬರ್ಲಿ ಬುಡ್ರೇ. ಕೊನೇಲಿ ದೇವ್ರು ಬತ್ತಾನೆ."

ದೇವರು ಬರುತ್ತಿದ್ದ. ಒಮ್ಮೆಯೂ ತಪ್ಪಿಸಿದ್ದಿಲ್ಲ.

ಮಾರನೆಯ ದಿನ ಅಡುಗೆಮನೆಯಲ್ಲಿ ಅದೇ ಚಿತ್ರ ಇನ್ನೊಂದು ಸಲ ನಡೆಯುತ್ತಿತ್ತು. ಅವ್ವನಿಗೆ ಕೈಗೂಸು ಇದ್ದುದರಿಂದ ಅವಳು ಬರುತ್ತಿರಲಿಲ್ಲ. ಅವಳಿಗೆ ಕಥೆ ಹೇಳಬೇಕು. ಅಕ್ಕಿರೊಟ್ಟಿ ತಟ್ಟುತ್ತ, ಹುಚ್ಚೆಳ್ಳು ಹುರಿಯುತ್ತ ಗಿರಿಜತ್ತೆ ಹೇಳುತ್ತಿದ್ದಳು. ಅವಳು ಕಥೆಯನ್ನು ಮೊದಲಿಂದ ಕೊನೆಗೆ ಹೇಳುವವಳಲ್ಲ, ಬಿಚ್ಚಿ ಹರವುವವಳು. "ನೋಡ್ಕಳೇ ನೀಲಿ, ಯಾವ ದೇವ್ರ ಚಿತ್ರನಾರ ತಗೋ. ಮೊದ್ಲು ಒಬ್ಳು ಅಳ್ಬೇಕು. ಆಮೇಲೆ ರಾಜನ ಅರಮನೇಲಿ ಒಬ್ಳು ಕುಣೀಬೇಕು. ಕುಣಿಯೋಳು ಕೆಟ್ಟೋಳು, ಅಳೋಳು ಒಳ್ಳೇಳು. ಕುಣಿಯೋಳ್ಗೆ ಹಾಡು ಜಾಸ್ತಿ, ಅಳೋಳ್ಗೆ ಪುಣ್ಯ ಜಾಸ್ತಿ" ಎಂದು ನನ್ನ ಕಡೆ ತಿರುಗಿ ಹೇಳುತ್ತಿದ್ದಳು. ನನಗೆ ಹನ್ನೊಂದು ವರ್ಷ. ನನ್ನ ಭೂಗೋಳದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಎಳೆದು ಇದನ್ನೆಲ್ಲ ಬರೆದಿಡತೊಡಗಿದೆ. ಯಾರು ಅಳುತ್ತಾರೆ, ಯಾರು ಹಾಡುತ್ತಾರೆ, ಯಾರನ್ನು ಮನೆಯಿಂದ ಹೊರಗೆ ಹಾಕುತ್ತಾರೆ, ಕೊನೆಗೆ ಯಾರು ಬಂದು ಕಾಪಾಡುತ್ತಾರೆ. ಏಳು ಚಿತ್ರ ಬರೆದೆ. ಏಳರಲ್ಲೂ ಹೊರಗೆ ಹಾಕಿಸಿಕೊಳ್ಳುವವಳು ಹೆಂಡತಿಯೇ. ಇದನ್ನು ಓದಿ ಹೇಳಿದಾಗ ಅತ್ತೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಇನ್ನೊಂದು ಸಲ ಓದು ಎಂದಳು. ಅದೇ ನನ್ನ ಮೊದಲ ವಿಮರ್ಶೆ, ಅವಳೇ ನನ್ನ ಮೊದಲ ಓದುಗಾರ್ತಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಮನೆಯ ಹೆಂಗಸರಲ್ಲಿ ಅಕ್ಷರ ಬರುತ್ತಿದ್ದದ್ದು ನನಗೊಬ್ಬಳಿಗೆ. ಒಂದು ದಿನ ಅಪ್ಪಯ್ಯ ಕಂಟ್ರೋಲ್ ಬಟ್ಟೆಯ ಪರ್ಮಿಟ್ಟಿಗೆಂದು ಹಾಸನಕ್ಕೆ ಹೋಗಿದ್ದರು. ಸಾಹೇಬರು ಸಿಕ್ಕದೆ ಎರಡು ದಿನ ಅಲ್ಲೇ ನಿಲ್ಲಬೇಕಾಯಿತು. ಅವರು ಹೋದ ದಿನವೇ ಮಧ್ಯಾಹ್ನ ತಮಟೆ ಹೊಡೆದುಕೊಂಡು ಟೆಂಟಿನ ಗಾಡಿ ಬೀದಿಗೆ ಬಂತು. ನಾನು ಓಡಿಹೋಗಿ ಒಂದು ಹ್ಯಾಂಡ್‌ಬಿಲ್ ತಂದೆ. ಕೆಂಪು ಕಾಗದ, ಮಾಸಲು ಅಚ್ಚು. ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದು ನಿಂತ ಒಬ್ಬ ಹೆಂಗಸು. ಕೋಟಿಲ್ಲ, ಕುರ್ಚಿಯಿಲ್ಲ. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ನೋಡಿ, "ಯಾವ್ದೋ ಮಹಾತಾಯಿ ಚಿತ್ರ ಇರ್ಬೇಕು. ಏನ್ ಬರೆದವ್ರೆ ಓದೇ ಮಗಾ" ಎಂದಳು. ಹೆಂಗಸಿನ ಕಾಲ ಕೆಳಗೆ ಸಣ್ಣ ಅಕ್ಷರದಲ್ಲಿ ಸಾಮಾಜಿಕ ಎಂದು ಬರೆದಿತ್ತು. ನಾನು ಅದನ್ನು ಸ್ಪಷ್ಟವಾಗಿ ನೋಡಿದೆ. ನೋಡಿ, ಗಟ್ಟಿಯಾಗಿ ಓದಿದೆ:

"ಭಕ್ತಿ ಪ್ರಧಾನ ಚಿತ್ರ."

ಗೊತ್ತಿಲ್ಲದೆ ಆದ ತಪ್ಪು ಎಂದು ಈ ವಯಸ್ಸಿನಲ್ಲಿ ಹೇಳಿಕೊಳ್ಳಲಾರೆ. ಗೊತ್ತಿದ್ದೇ ಓದಿದೆ. ಏಳು ಚಿತ್ರದಲ್ಲೂ ಒಂದೇ ಕಥೆ ಬರೆದು ಬರೆದು ನನಗೆ ಬೇಸರ ಬಂದಿತ್ತು. ನಾವು ನೋಡಬಾರದೆಂದ ಚಿತ್ರದಲ್ಲಿ ಅಂಥದ್ದೇನಿದೆಯೆಂದು ತಿಳಿಯಬೇಕಾಗಿತ್ತು. ನಮ್ಮ ಮನೆಯಂಥ ಮನೆ, ನಮ್ಮಂಥ ಪಡಸಾಲೆ ಆ ಬಿಳಿ ಪರದೆಯ ಮೇಲೆ ಹೇಗೆ ಕಾಣುತ್ತದೆಂದು ನೋಡುವ ಆಸೆಯಿತ್ತು. ಅಜ್ಜಿ ಹ್ಯಾಂಡ್‌ಬಿಲ್ಲನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕಕ್ಕೆ ಇಟ್ಟಳು.

ಸಂಜೆ ಅಜ್ಜಿ, ಗಿರಿಜತ್ತೆ, ನಾನು ಹಿತ್ತಲ ಬಾಗಿಲಿಂದ ಹೊರಟೆವು. ಚಿತ್ರ ಶುರುವಾಯಿತು. ಕೋಟು ಹಾಕಿದ ಗಂಡ, ಕುರ್ಚಿ, ಮೇಜು, ಮೋಟಾರು ಕಾರು. ಅಜ್ಜಿ ನನ್ನ ಭುಜ ತಿವಿದಳು.

"ದೇವ್ರೆಲ್ಲೇ?"

"ಬತ್ತಾನೆ ಅಜ್ಜಿ. ಕೊನೇಲಿ."

ಹೆಂಡತಿ ಒಳ್ಳೆಯವಳು. ಗಂಡ ಪಟ್ಟಣದಿಂದ ಇನ್ನೊಬ್ಬಳನ್ನು ಕರೆತಂದು, ಹೆಂಡತಿಯ ಪೆಟ್ಟಿಗೆಯನ್ನು ತಾನೇ ಎತ್ತಿ ಜಗಲಿಯ ಮೇಲಿಟ್ಟ. ನಮ್ಮತ್ತೆಯ ಕಥೆ ಬೀದಿಗೆಲ್ಲ ಗೊತ್ತಿದ್ದದ್ದೇ. ನಾಲ್ಕಾರು ತಲೆಗಳು ನಮ್ಮತ್ತ ತಿರುಗಿದವು. ಇಂಥದ್ದು ಬರುತ್ತದೆಂದು ನಾನು ಎಣಿಸಿರಲಿಲ್ಲ. ಅತ್ತೆಯ ಮುಖ ನೋಡಲು ಹೆದರಿ ಅವಳ ಕೈ ನೋಡಿದೆ. ಅವಳು ಒಂದು ಹಿಡಿ ಮರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ರೀಲು ಬದಲಿಸಲು ದೀಪ ಹಾಕಿದರು. "ಮನೆಗೆ ಓಗನ ಅತ್ತೆ" ಎಂದು ಪಿಸುಗುಟ್ಟಿದೆ.

"ಕೂತ್ಕೊ. ಇವ್ಳೇನ್ ಮಾಡ್ತಾಳೆ ನೋಡ್ಬೇಕು ನಾನು" ಎಂದಳು.

ಚಿತ್ರದ ಹೆಂಡತಿ ಏನು ಮಾಡಿದಳು? ಎಲ್ಲೋ ಒಂದು ಕಡೆ ಮಕ್ಕಳಿಗೆ ಪಾಠ ಹೇಳಿಕೊಂಡು ಒಬ್ಬಳೇ ಬದುಕಿದಳು. ಅಷ್ಟು ಹೊತ್ತು ನಮ್ಮತ್ತೆ ಮುಂದಕ್ಕೆ ಬಾಗಿ ಕೂತಿದ್ದಳು. ಅಷ್ಟರಲ್ಲಿ ಗಂಡನಿಗೆ ಕಾಯಿಲೆಯಾಯಿತು, ಬಂದವಳು ಒಡವೆ ಎತ್ತಿಕೊಂಡು ಓಡಿಹೋದಳು, ಹೇಳಿಕಳಿಸಿದ ಕೂಡಲೇ ಹೆಂಡತಿ ಓಡೋಡಿ ಬಂದು ಗಂಡನ ಕಾಲಿಗೆ ಬಿದ್ದಳು. ಗಂಡನ ತಲೆಯ ಸುತ್ತ ಬೆಳಕು ಬಂತು, ಗಂಟೆ ಬಾರಿಸಿತು. ಕೋಲಿನವನು ಗಂಟಲು ಹರಿಯುವಂತೆ, "ನೋಡ್ರವ್ವಾ ತಾಯಂದಿರಾ, ಪತಿಯೇ ಪರದೈವಾ!" ಎಂದು ಕೂಗಿದ. ಅದುವರೆಗೂ ದೇವರಿಗಾಗಿ ಕಾದು ಕೂತಿದ್ದ ಅಜ್ಜಿ ಬಾಯಿ ಬಿಟ್ಟಳು.

"ಓಹೋ. ಇವ್ನಾ ದೇವ್ರು?"

ಅವಳ ದನಿ ತಡಿಕೆಯ ಆಚೆಗೂ ಕೇಳಿಸಿತು. ಮೊದಲು ಒಬ್ಬಳು ಕಿಸಕ್ಕೆಂದಳು, ಆಮೇಲೆ ಇಡೀ ಹೆಂಗಸರ ಕಡೆ ನಕ್ಕಿತು. ಗಿರಿಜತ್ತೆ ಮಾತ್ರ ನಗಲಿಲ್ಲ. ಎದ್ದು ಸೀರೆಯ ಮರಳು ಕೊಡವಿಕೊಂಡು, "ಥೂ, ಇಷ್ಟೇಯ ಇವ್ಳ ಕೈಲಿ ಆಗೋದು?" ಎಂದಳು.

ಸಿನಿಮಾ ಪ್ರಕಾರಗಳ ಬಗ್ಗೆ ಆಮೇಲೆ ನಾನು ಓದಿದ್ದು ಬಹಳ. ಆದರೆ ಅಜ್ಜಿಯ ಆ ಒಂದು ಪ್ರಶ್ನೆಯನ್ನು ಮೀರಿಸಿದ್ದನ್ನು ಕಂಡಿಲ್ಲ. ಕಿರೀಟ ತೆಗೆದು ಕೋಟು ಹಾಕಿದರೆ ಚಿತ್ರದ ಜಾತಿ ಬದಲಾಗುವುದಿಲ್ಲ, ಕೊನೆಯಲ್ಲಿ ಯಾರ ತಲೆಯ ಹಿಂದೆ ಬೆಳಕು ಬಿಡುತ್ತಾರೆ ಅದನ್ನು ನೋಡು ಎಂದು ಅಕ್ಷರ ಬಾರದ ಮುದುಕಿ ಟೆಂಟಿನಲ್ಲಿ ಕೂತು ಹೇಳಿಬಿಟ್ಟಿದ್ದಳು. ಅವಳಿಗೆ ನಾನು ಸುಳ್ಳು ಓದಿದ್ದು ಗೊತ್ತಾಗಿತ್ತು. ದಾರಿಯಲ್ಲಿ ನನ್ನ ಕಿವಿ ಹಿಂಡಿದಳು, ಜೋರಾಗಿಯೇ. ಆದರೆ ಯಾರಿಗೂ ಹೇಳಲಿಲ್ಲ. ಗೂಡಿನಲ್ಲಿಟ್ಟ ಹ್ಯಾಂಡ್‌ಬಿಲ್ಲನ್ನು ತೆಗೆಯುವುದನ್ನು ಅವಳೂ ಮರೆತಳು, ನಾನೂ ಮರೆತೆ.

ಹಾಸನದಿಂದ ಬಂದ ಮಾರನೆಯ ಬೆಳಿಗ್ಗೆ ಅಪ್ಪಯ್ಯ ಸ್ನಾನ ಮಾಡಿ ಲಿಂಗಪೂಜೆಗೆ ಕೂತರು. ವಿಭೂತಿಗೆ ಕೈ ಹಾಕಿದಾಗ ಕೆಂಪು ಕಾಗದ ಸಿಕ್ಕಿತು. ಸಾಮಾಜಿಕದ ಕಾಗದ ಅಲ್ಲಿಗೆ ಬರಬೇಕಾದರೆ ಅಜ್ಜಿಗೆ ಅದನ್ನು ತಪ್ಪಾಗಿ ಓದಿ ಹೇಳಿದವಳು ನಾನೇ ಎಂದು ಅವರಿಗೆ ಹೊಳೆದಿರಬೇಕು. ಪೂಜೆ ಮುಗಿದ ಮೇಲೆ ನನ್ನನ್ನು ನಡುಮನೆಗೆ ಕರೆದರು. ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದಳು. ಅವ್ವ, ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಇದ್ರಲ್ಲಿ ಏನ್ ಬರೆದದೆ, ಓದು."

"ಸಾಮಾಜಿಕ."

"ಅವತ್ತು ನಿಮ್ಮಜ್ಜಿಗೆ ಏನಂತ ಓದ್ದೆ?"

"ಭಕ್ತಿ ಪ್ರಧಾನ ಅಂತ."

"ಯಾಕೆ?"

ಅತ್ತುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಅಳು ಬಂದಿತ್ತು ಕೂಡ. ಆದರೆ ಬಾಯಿಂದ ಮಾತು ಬಂತು. "ಓದಿದ್ದು ಸುಳ್ಳು ಅಪ್ಪಯ್ಯ. ಆದ್ರೆ ಅದ್ರಲ್ಲಿ ಇರೋದೂ ಅದೇಯ. ದೇವ್ರ ಚಿತ್ರದಲ್ಲೂ ಹೆಂಡ್ತೀನ ಆಚೆಗೆ ಆಕ್ತಾರೆ, ಇದ್ರಲ್ಲೂ ಆಕ್ತಾರೆ. ಅಲ್ಲಿ ಕಿರೀಟ ಇಕ್ಕಂಡಿರ್ತಾನೆ, ಇಲ್ಲಿ ಕೋಟು. ಅಲ್ಲಿ ನೋಡ್ಬೋದು, ಇಲ್ಲಿ ನೋಡ್ಬಾರ್ದು ಅಂತೀರಿ. ನೀವು ಎರಡ್ನೂ ನೋಡಿಲ್ಲ. ನಾನು ನೋಡೀನಿ."

ಕಪಾಳಕ್ಕೆ ಬಿತ್ತು. ಕಿವಿಯಲ್ಲಿ ಗುಂಯ್ ಎಂದಿತು. ಅಪ್ಪಯ್ಯ ಅದಕ್ಕೆ ಮುಂಚೆ ನನ್ನನ್ನು ಹೊಡೆದವರಲ್ಲ. ಹೊಡೆತಕ್ಕಿಂತ ಆಮೇಲಿನ ಮಾತು ಹೆಚ್ಚು ನೋಯಿಸಿತು.

"ಅಕ್ಷರ ಕಲಿಸಿದ್ದೇ ತಪ್ಪಾಯ್ತು. ಇವತ್ತಿಂದ ಸ್ಕೂಲು ಸಾಕು."

ಅಜ್ಜಿ, "ಕೂಸು ಕಣಪ್ಪಾ" ಎಂದದ್ದು ಅಪ್ಪಯ್ಯನ ಕಿವಿಗೆ ಬೀಳಲಿಲ್ಲ. ನನ್ನ ಪುಸ್ತಕಗಳ ಚೀಲ ಅಟ್ಟಕ್ಕೇರಿತು. ಬೀದಿಯಲ್ಲಿ ಗೆಳತಿಯರು ಸ್ಕೂಲಿಗೆ ಹೋಗುವ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಕಳಿಸಿ ಪಾತ್ರೆ ಉಜ್ಜಿಸುತ್ತಿದ್ದರು. ಒಂದು ವಾರ ಹಾಗೇ ಕಳೆಯಿತು. ತಪ್ಪೊಪ್ಪಿಕೊಂಡು ಕಾಲಿಗೆ ಬಿದ್ದರೆ ಅಪ್ಪಯ್ಯ ಕರಗಿಯಾರು ಎಂದು ಅವ್ವ ಗುಟ್ಟಾಗಿ ಹೇಳಿದಳು. ನಾನು ಬೀಳಲಿಲ್ಲ.

ಆ ವಾರ ಮುಗಿಯುವಾಗ ಇದ್ದಿಲ ಬಸ್ಸಿನಲ್ಲಿ ಚನ್ನರಾಯಪಟ್ಟಣದಿಂದ ಗಿರಿಜತ್ತೆಯ ಗಂಡನ ಅಣ್ಣ ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು, ಒಂದು ರವಿಕೆ ಕಣ. ಎರಡು ವರ್ಷದಲ್ಲಿ ಆ ಮನೆಯಿಂದ ಬಂದ ಮೊದಲ ಮನುಷ್ಯ. ಅಪ್ಪಯ್ಯ ಅಂಗಡಿ ಬಿಟ್ಟು ಓಡಿಬಂದು ಪಡಸಾಲೆಯಲ್ಲಿ ಜಮಖಾನ ಹಾಸಿದರು. ಅವರೆಕಾಳಿನ ಸಾರು, ರೊಟ್ಟಿ, ತುಪ್ಪ ಎಲ್ಲ ಆಯಿತು. ಊಟ ಮಾಡಿ ಕೈತೊಳೆದ ಮೇಲೆ ಬೀಗರು ವಿಷಯಕ್ಕೆ ಬಂದರು.

"ಕಿರಿಯೋಳು ಬಸುರಿ ಅವ್ಳೆ. ಬಾಣಂತನಕ್ಕೆ ಮನೇಲಿ ಹೆಣ್ಣಾಳಿಲ್ಲ. ಹಿರಿಸೊಸೆ ಇದ್ದೂ ಊರೋರ್ನ ಕರ್ಸೋದು ಚೆನ್ನಾಗಿರಲ್ಲ. ಕಳ್ಸಿಕೊಟ್ರೆ ಇವತ್ತೇ ಕರ್ಕಂಡು ಓಯ್ತೀನಿ."

ಅಪ್ಪಯ್ಯನ ಮುಖದಿಂದ ಎರಡು ವರ್ಷದ ಭಾರ ಇಳಿದದ್ದು ನನಗೆ ಕಂಡಿತು. ಅವರು ಕೆಟ್ಟವರಾಗಿರಲಿಲ್ಲ. ತಂಗಿಯ ಸಂಸಾರ ಸರಿಹೋಯಿತೆಂದು ನಿಜವಾಗಿಯೂ ನಂಬಿದರು. "ಅವ್ಳ ಮನೆಗೆ ಅವ್ಳು ಓಗ್ದೆ ಇನ್ಯಾರು ಓಯ್ತಾರೆ ಬೀಗ್ರೇ" ಎಂದು ನಡುಮನೆಯ ಕಡೆ ತಿರುಗಿ, "ಗಿರಿಜಾ, ಟ್ರಂಕು ತಕ್ಕಂಡು ಬಾ" ಎಂದು ಕೂಗಿದರು.

ಅತ್ತೆ ಬಂದಳು. ಟ್ರಂಕು ತರಲಿಲ್ಲ. ಎರಡೂ ಕೈಗೆ ಅಕ್ಕಿಹಿಟ್ಟು ಮೆತ್ತಿತ್ತು. ಬೀಗರು ಕೂತಿರುವಾಗ ನಮ್ಮ ಮನೆಯ ಹೆಂಗಸು ಪಡಸಾಲೆಯ ನಡುವಿಗೆ ಬಂದು ನಿಂತದ್ದು ಅದೇ ಮೊದಲು.

"ಅಣ್ಣಯ್ಯ, ನಾನು ಓಗಲ್ಲ."

ಬೀಗರ ಮುಂದೆ ಮಾನ ಹೋಯಿತೆಂಬ ಕಳವಳದಲ್ಲಿ ಅಪ್ಪಯ್ಯ ಕೈಗೆ ಸಿಕ್ಕ ಕಾರಣವನ್ನು ಹಿಡಿದುಕೊಂಡರು.

"ತಪ್ಪು ತಿಳ್ಕಬೇಡಿ ಬೀಗ್ರೇ. ನಾನಿಲ್ದಾಗ ಯಾವ್ದೋ ಹಾಳು ಸಾಮಾಜಿಕ ಚಿತ್ರಕ್ಕೆ ಓಗಿದ್ಲು. ಅದನ್ನ ನೋಡಿ ತಲೆ ಕೆಟ್ಟೋಗದೆ. ಅದಕ್ಕೇ ನಾನು ಬಡ್ಕೊಳ್ಳೋದು, ಅಂಥವ್ನ ನೋಡಿದ್ರೆ ಸಂಸಾರ ಉಳಿಯಲ್ಲ ಅಂತ."

ಗಿರಿಜತ್ತೆ ನಕ್ಕಳು. ಟೆಂಟಿನಲ್ಲಿ ಎಲ್ಲರೂ ನಗುವಾಗ ನಗದಿದ್ದವಳು ಪಡಸಾಲೆಯಲ್ಲಿ ನಿಂತು ನಕ್ಕಳು.

"ನೀನೊಂದ್ಸಲ ಆ ಚಿತ್ರ ನೋಡ್ಬೇಕಾಗಿತ್ತು ಕಣಣ್ಣಯ್ಯ. ಅದ್ರಲ್ಲಿ ಅವ್ಳು ಓಗ್ತಾಳೆ. ಹೇಳ್ಕಳ್ಸಿದ್ದೇ ತಡ, ಓಡೋಗಿ ಗಂಡನ ಕಾಲಿಗೆ ಬೀಳ್ತಾಳೆ. ನೀನು ಏನ್ ಏಳ್ತಿಯೋ ಅದ್ನೇ ಚಿತ್ರದೋನೂ ಏಳ್ದ. ನಾನು ಅವ್ನ ಮಾತೂ ಕೇಳ್ನಿಲ್ಲ, ನಿನ್ ಮಾತೂ ಕೇಳಲ್ಲ. ನನ್ ಕೋಣೇನ ಕಿತ್ಕಂಡೋರ ಮನೆ ಬಾಣಂತನ ನಾನು ಮಾಡಲ್ಲ."

ಆಮೇಲೆ ಬೀಗರ ಕಡೆ ತಿರುಗಿ, "ರವಿಕೆ ಕಣ ತಕ್ಕಂಡೋಗಿ ಭಾವಯ್ಯ. ಬಸುರಿಗೆ ಕೊಡಿ" ಎಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ.

ಬೀಗರು ಅಪ್ಪಯ್ಯನ ಮುಖ ನೋಡಿದರು, ಅಪ್ಪಯ್ಯ ನೆಲ ನೋಡಿದರು. ತಂಗಿಯನ್ನು ಕೈಹಿಡಿದು ಎಳೆದುಹಾಕುತ್ತಾರೇನೋ ಎಂದು ನಾನು ಕಂಬದ ಹಿಂದೆ ನಿಂತು ನೋಡುತ್ತಿದ್ದೆ. ಆಗ ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. ನಡುಮನೆಯ ಹೊಸಿಲು ದಾಟಿ ಎಲೆಯಡಿಕೆ ತಟ್ಟೆಯನ್ನು ಬೀಗರ ಮುಂದೆ ಇಟ್ಟಳು.

"ಎಲೆ ಆಕ್ಕಳಿ ಬೀಗ್ರೇ. ಬಸ್ಸು ಓಗ್ಬುಟ್ಟೀತು."

ಅವರು ಹೋದರು. ಅಪ್ಪಯ್ಯ ಮೂರು ದಿನ ತಂಗಿ ಮಾಡಿದ ಅಡುಗೆ ಮುಟ್ಟಲಿಲ್ಲ. ಅಂಗಡಿಯಲ್ಲೇ ಅವಲಕ್ಕಿ ತಿಂದುಕೊಂಡಿದ್ದರು. ನಾಲ್ಕನೆಯ ದಿನ ಅಜ್ಜಿ ಮುದ್ದೆ ಬಡಿಸಿ, "ಇದು ಯಾವ ಜಾತಿ ಮುದ್ದೆ ಅಂತ ಕೇಳ್ಬೇಡ, ಉಣ್ಣು" ಎಂದಳು. ಅಪ್ಪಯ್ಯ ಉಂಡರು. ಆದರೆ ಸ್ಕೂಲಿನ ಮಾತು ಎತ್ತಲಿಲ್ಲ. ಅತ್ತೆಯ ಮಾತು ಉಳಿದದ್ದಕ್ಕೆ ನನ್ನ ಸ್ಕೂಲು ಹೋಯಿತೆಂದು ನಾನು ತಿಳಿದುಕೊಂಡೆ. ಎರಡನ್ನೂ ಬಿಟ್ಟುಕೊಡುವವರಲ್ಲ ಅಪ್ಪಯ್ಯ ಎಂದು ಅವ್ವನೂ ಅಂದಳು.

ಸೋಮವಾರ ಬೆಳಿಗ್ಗೆ ಅಪ್ಪಯ್ಯ ಅಂಗಡಿಗೆ ಹೋದ ಮೇಲೆ ಗಿರಿಜತ್ತೆ ಅಟ್ಟ ಹತ್ತಿ ನನ್ನ ಚೀಲ ಇಳಿಸಿದಳು. ಧೂಳು ಕೊಡವಿ ನನ್ನ ಹೆಗಲಿಗೆ ಹಾಕಿದಳು. ಅವ್ವ ಏನೂ ಕೇಳದೆ ನನ್ನನ್ನು ಕೂರಿಸಿಕೊಂಡು ತಲೆ ಬಾಚಿದಳು. ಎಣ್ಣೆ ಹಚ್ಚಿ, ಎಂದಿಗಿಂತ ಬಿಗಿಯಾಗಿ ಜಡೆ ಹೆಣೆದಳು. ನಾನು ಅಭ್ಯಾಸದಂತೆ ಹಿತ್ತಲ ಕಡೆ ತಿರುಗಿದೆ. ಅತ್ತೆ ನನ್ನ ರಟ್ಟೆ ಹಿಡಿದು, "ಅತ್ಲಾಗಲ್ಲ" ಎಂದಳು. ನಡುಮನೆ ದಾಟಿ, ಪಡಸಾಲೆ ದಾಟಿ, ಬೀದಿ ಬಾಗಿಲಿನ ಅಗುಳಿ ತೆಗೆದು ಜಗಲಿಗೆ ಬಂದಳು. ಬೆಳಗಿನ ಬಿಸಿಲು ಬೀದಿಯ ತುಂಬ ಬಿದ್ದಿತ್ತು. ಅಂಗಡಿಗಳು ತೆಗೆಯುವ ಹೊತ್ತು. ಎಣ್ಣೆ ಮಾರುವವರು, ಬಳೆಗಾರರು, ಪಕ್ಕದ ಮನೆಯ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದವರು ಎಲ್ಲರೂ ನೋಡಿದರು. ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳಲಿಲ್ಲ.

ನಮ್ಮ ಅಂಗಡಿ ಬಂತು. ಸ್ಕೂಲಿಗೆ ಬೇರೆ ದಾರಿಯಿತ್ತು, ಅವಳು ಬೇಕೆಂದೇ ಈ ದಾರಿ ಹಿಡಿದಿದ್ದಳು. ಅಪ್ಪಯ್ಯ ಯಾರಿಗೋ ಪಂಚೆ ಅಳೆದು ಕೊಡುತ್ತಿದ್ದರು. ತಲೆಯೆತ್ತಿ ನಮ್ಮನ್ನು ನೋಡಿದರು. ಗಜದ ಕೋಲು ಅರ್ಧಕ್ಕೆ ನಿಂತಿತು. ಅತ್ತೆ ನಡಿಗೆ ನಿಧಾನ ಮಾಡಲಿಲ್ಲ, ಜೋರೂ ಮಾಡಲಿಲ್ಲ. ಅಪ್ಪಯ್ಯ ಕೂಗಲಿಲ್ಲ. ನಾವು ದಾಟಿ ಹೋದ ಮೇಲೆ, "ಮೊದ್ಲಿಂದ ಅಳೀತೀನಿ ತಡೀರಿ" ಎಂದು ಗಿರಾಕಿಗೆ ಹೇಳಿದ್ದು ಕೇಳಿಸಿತು.

ಸ್ಕೂಲಿನ ಬಾಗಿಲಲ್ಲಿ ಹೆಡ್‌ಮಾಸ್ತರು ನಿಂತಿದ್ದರು. ಹೊಸದಾಗಿ ವರ್ಗವಾಗಿ ಬಂದವರು, ನಮ್ಮ ಮನೆಯವರ ಪರಿಚಯವಿರಲಿಲ್ಲ. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದಳು.

"ಮನೇಲಿ ತಡೆದಿದ್ರು, ಸಾ. ಇನ್ಮೇಲೆ ದಿನಾ ಬತ್ತಾಳೆ. ನಾನೇ ಕರ್ಕಂಡು ಬತ್ತೀನಿ."

"ತಾವು ಯಾರಮ್ಮ?"

"ಇವಳ ಸೋದರತ್ತೆ."

ಮಾಸ್ತರು ಅವಳ ಕೊರಳ ತಾಳಿ ನೋಡಿದರು. ಮದುವೆಯಾದ ಹೆಂಗಸನ್ನು ಊರು ಕೇಳಿದರೆ ಗಂಡನ ಊರು ಹೇಳುವುದು ರೂಢಿ. ಅವರೂ ರೂಢಿಯಂತೆಯೇ ಕೇಳಿದರು.

"ಯಾವೂರಮ್ಮ ತಮ್ಮದು?"

"ಇದೇ ಊರು, ಸಾ" ಎಂದಳು ಗಿರಿಜತ್ತೆ.